ಐದು ರಕ್ಷೆ, ಒಂದು ಸೂಜಿ: ಕಾಫಿಯ ಮಲೆನಾಡಿನಲ್ಲಿ ಸಂಯುಕ್ತ ಲಸಿಕೆಯ ಚರಿತ್ರೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಮ್ಮ ಶ್ರಾವಕಾಚಾರವು ಗೃಹಸ್ಥನ ಕರ್ತವ್ಯವೆಂದು ಬೋಧಿಸುತ್ತ ಬಂದಿದೆ. ಇವುಗಳಲ್ಲಿ ಭೈಷಜ್ಯದಾನವೆಂದರೆ ರೋಗಿಗೆ ಮದ್ದು ಕೊಡುವುದೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ರೋಗ ಬರುವ ಮೊದಲೇ ಕೊಡುವ ಮದ್ದೊಂದಿದೆ. ಆರು ವಾರದ ಹಸುಗೂಸಿನ ತೊಡೆಗೆ ಚುಚ್ಚುವ ಅರ್ಧ ಮಿಲಿಲೀಟರ್ ದ್ರವ ಅದು. ಅದು ಭೈಷಜ್ಯವೂ ಹೌದು, ಬಾರದಿರುವ ಭಯದಿಂದ ಬಿಡುಗಡೆ ಮಾಡುವುದರಿಂದ ಅಭಯವೂ ಹೌದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಎಂಬ ಕಾಮಾಲೆ ಹಾಗೂ ಹಿಬ್ ಎಂಬ ಸಂಕ್ಷಿಪ್ತ ನಾಮದ ಸೂಕ್ಷ್ಮಜೀವಿಯಿಂದ ಬರುವ ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ ಇವಿಷ್ಟರಿಂದಲೂ ಮಗುವನ್ನು ಕಾಯುವ ಈ ಸಂಯುಕ್ತ ಲಸಿಕೆಗೆ ಪೆಂಟಾವೇಲೆಂಟ್ ಎಂದು ಹೆಸರು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳ ನಡುವೆ ಇದು ಹೇಗೆ ಬಂದಿತು, ಇದರ ಹಿಂದೆ ಎಷ್ಟು ಜೀವಿಗಳ ನೋವಿದೆ, ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮಗೆ ಇದರಲ್ಲಿ ಯಾವ ಹೊಣೆಯಿದೆ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಕರುವಿನ ಮೈಯಿಂದ ಮೊದಲಾದ ಕಥೆ

1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ರಸವನ್ನು ಬಾಲಕನೊಬ್ಬನ ತೋಳಿಗೆ ಹಾಕಿ, ಮನುಷ್ಯರ ಸಿಡುಬಿನಿಂದ ಅವನನ್ನು ಕಾಪಾಡಿದ ಸಂಗತಿ ಸರ್ವವಿದಿತ. ಆರು ವರ್ಷಗಳಲ್ಲಿ, ಅಂದರೆ 1802ರ ಜೂನ್ ತಿಂಗಳಲ್ಲಿ, ಆ ರಸವು ಬಾಗ್ದಾದ್ ಮತ್ತು ಬಸ್ರಾ ಮಾರ್ಗವಾಗಿ ಬೊಂಬಾಯಿಯನ್ನು ತಲಪಿತು. ಮೂರು ವರ್ಷದ ಅನ್ನಾ ಡಸ್ಟ್‌ಹಾಲ್ ಎಂಬ ಬಾಲಿಕೆ ಭಾರತದಲ್ಲಿ ಲಸಿಕೆ ಪಡೆದ ಮೊದಲ ಮಗು. ಅವಳ ತೋಳಿನಿಂದ ಮತ್ತೊಬ್ಬರ ತೋಳಿಗೆ, ಅಲ್ಲಿಂದ ಇನ್ನೊಬ್ಬರ ತೋಳಿಗೆ ಎಂಬಂತೆ ಅದು ದಕ್ಷಿಣಕ್ಕೆ ಹರಿಯಿತು. ಮೈಸೂರಿನ ಅರಮನೆಗೂ ಅದು ಬೇಗನೆ ಬಂದಿತು. ಥಾಮಸ್ ಹಿಕಿ 1805ರ ಸುಮಾರಿನಲ್ಲಿ ಬರೆದ ವರ್ಣಚಿತ್ರವೊಂದರಲ್ಲಿ ಕಾಣುವ ಸ್ತ್ರೀಯರು ಮೈಸೂರಿನ ರಾಣಿಯರೆಂದೂ, ಅವರಲ್ಲೊಬ್ಬರಾದ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡ ತೋಳಿನ ಕಡೆಗೆ ಬೆರಳು ತೋರಿ ಪ್ರಜೆಗಳಿಗೆ ಧೈರ್ಯ ಹೇಳುತ್ತಿದ್ದಾರೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅರ್ಥೈಸಿದ್ದಾರೆ.

ತೋಳಿನಿಂದ ತೋಳಿಗೆ ರಸ ದಾಟಿಸುವ ಪದ್ಧತಿಯಲ್ಲಿ ಮತ್ತೊಂದು ರೋಗ ಅಂಟುವ ಅಪಾಯವಿತ್ತು. ಅನ್ಯರ ಮೈಯ ರಸವೆಂಬ ಜುಗುಪ್ಸೆಯೂ ಇತ್ತು. ಆದಕಾರಣ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕರುವಿನ ಮೈಯಲ್ಲಿಯೇ ಲಸಿಕೆ ಬೆಳೆಸುವ ಕ್ರಮ ರೂಢಿಗೆ ಬಂದಿತು. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಚರ್ಮವನ್ನು ಗೀರಿ, ರಸ ಹಚ್ಚಿ, ಕೆಲವು ದಿನಗಳ ಮೇಲೆ ಮೂಡಿದ ಗುಳ್ಳೆಗಳನ್ನು ಕೆರೆದು ತೆಗೆಯುತ್ತಿದ್ದರು. ಬೆಳಗಾವಿಯಲ್ಲಿ ಬ್ರಿಟಿಷರ ಕಾಲದಲ್ಲಿ ಸ್ಥಾಪಿತವಾದ ವ್ಯಾಕ್ಸೀನ್ ಇನ್‌ಸ್ಟಿಟ್ಯೂಟ್ ಇಂತಹ ಲಸಿಕೆಯನ್ನು ತಯಾರಿಸಿತು. ‘ಮೈಲಿ ಹಾಕುವವರು’ ಊರಿಗೆ ಬಂದರೆಂದರೆ ತಾಯಂದಿರು ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದ ಕಾಲವದು. ಆದರೂ ಆ ಗೀರಿನ ಫಲವಾಗಿ 1975ರ ಮೇ ತಿಂಗಳಲ್ಲಿ ಭಾರತ ತನ್ನ ಕೊನೆಯ ಸಿಡುಬಿನ ರೋಗಿಯನ್ನು ಕಂಡಿತು. 1980ರಲ್ಲಿ ಇಡೀ ಜಗತ್ತು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು. ಅಂದಿನಿಂದ ಸಿಡುಬಿನ ಲಸಿಕೆಗಾಗಿ ಕರುವಿನ ಹೊಟ್ಟೆಯನ್ನು ಗೀರುವ ಅಗತ್ಯವೇ ಉಳಿಯಲಿಲ್ಲ. ಈ ಒಂದು ಸಂಗತಿಯನ್ನು ಓದುಗ ಬಂಧುಗಳು ನೆನಪಿನಲ್ಲಿಡಬೇಕೆಂದು ವಿನಂತಿ. ರೋಗ ನಿರ್ಮೂಲವಾದರೆ ಮನುಷ್ಯನ ನೋವಿನೊಡನೆ, ಆ ರೋಗದ ಮದ್ದಿಗಾಗಿ ಪ್ರಾಣಿ ಪಡುವ ನೋವೂ ನಿಲ್ಲುತ್ತದೆ.

ಕುದುರೆಯ ರಕ್ತ ಮತ್ತು ಪಳಗಿದ ವಿಷ

ಗಂಟಲಮಾರಿಯ ಚರಿತ್ರೆ ಇದೇ ತತ್ತ್ವಕ್ಕೆ ಇನ್ನೊಂದು ಸಾಕ್ಷಿ. ಈ ರೋಗದ ಸೂಕ್ಷ್ಮಜೀವಿ ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರು ತಡೆಯುತ್ತದೆ. ಅದು ಸುರಿಸುವ ವಿಷವು ಹೃದಯವನ್ನೂ ನರಗಳನ್ನೂ ಕೆಡಿಸುತ್ತದೆ. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಪ್ರಾಣಿಗೆ ಅಲ್ಪ ಪ್ರಮಾಣದಲ್ಲಿ ವಿಷ ಕೊಟ್ಟರೆ ಅದರ ರಕ್ತದಲ್ಲಿ ಪ್ರತಿವಿಷ ಹುಟ್ಟುವುದೆಂದು ತೋರಿಸಿದರು. ಅಲ್ಲಿಂದ ಮುಂದೆ ಕುದುರೆಗಳಿಗೆ ವಿಷವನ್ನು ಮೇಲಿಂದ ಮೇಲೆ ಚುಚ್ಚಿ, ಅವುಗಳ ರಕ್ತ ತೆಗೆದು, ಅದರಿಂದ ಪಡೆದ ಸೀರಮ್ಮನ್ನು ರೋಗಿಗೆ ಕೊಡುವ ಚಿಕಿತ್ಸೆ ಲೋಕದಲ್ಲೆಲ್ಲ ಹಬ್ಬಿತು. ಇಂದಿಗೂ ಗಂಟಲಮಾರಿ ತಗುಲಿದ ಮಗುವಿಗೆ ಕುದುರೆಯ ರಕ್ತದ ಪ್ರತಿವಿಷವೇ ಮುಖ್ಯ ಮದ್ದು.

1920ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಗಾಸ್ಟನ್ ರಮೋನ್ ಬೇರೊಂದು ದಾರಿ ಕಂಡುಹಿಡಿದರು. ಗಂಟಲಮಾರಿಯ ವಿಷವನ್ನು ಫಾರ್ಮಾಲಿನ್ ಹಾಗೂ ಹದವಾದ ಶಾಖದಿಂದ ಪಳಗಿಸಿದರೆ ಅದರ ಮಾರಕ ಗುಣ ಹೋಗುತ್ತದೆ, ಆಕಾರ ಮಾತ್ರ ಉಳಿಯುತ್ತದೆ. ಇದಕ್ಕೆ ಟಾಕ್ಸಾಯ್ಡ್ ಎಂದು ಹೆಸರು. ಮಗುವಿನ ದೇಹ ಆ ಆಕಾರವನ್ನು ಗುರುತಿಟ್ಟುಕೊಂಡು ತನ್ನ ಪ್ರತಿವಿಷವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕುದುರೆಯ ಹಂಗು ಬೇಕಿಲ್ಲ. ಧನುರ್ವಾಯುವಿನ ಲಸಿಕೆಯೂ ಇದೇ ಬಗೆಯದು. ವಿಷದಿಂದ ಹಿಂಸೆಯನ್ನು ಕಳೆದು ತಿಳುವಳಿಕೆಯನ್ನಷ್ಟೇ ಉಳಿಸಿಕೊಂಡ ಈ ಶೋಧನೆಯನ್ನು, ಹದಿನಾಲ್ಕನೆಯ ಶತಮಾನದಲ್ಲಿ ವಿಷವೈದ್ಯವನ್ನೇ ವಿಷಯವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ ನಮ್ಮ ಮಂಗರಾಜನು ಕಂಡಿದ್ದರೆ ಸಂತೋಷಪಡುತ್ತಿದ್ದನೆಂದು ಊಹಿಸಲಡ್ಡಿಯಿಲ್ಲ.

ಮೂರು ಒಂದಾದದ್ದು, ಒಂದು ಐದಾದದ್ದು

ಲಸಿಕೆಗಳನ್ನು ಕೂಡಿಸುವುದೆಂದರೆ ಒಂದು ಸೀಸೆಯಿಂದ ಇನ್ನೊಂದಕ್ಕೆ ಸುರಿಯುವಷ್ಟು ಸುಲಭದ ಕೆಲಸವಲ್ಲ. ಒಂದಕ್ಕೆ ಹಿಡಿಸುವ ಸಂರಕ್ಷಕ ದ್ರವ್ಯ ಮತ್ತೊಂದನ್ನು ಕೆಡಿಸಬಹುದು. ಒಂದರ ಪ್ರಭಾವ ಇನ್ನೊಂದನ್ನು ಕುಗ್ಗಿಸಬಹುದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು 1930ರ ದಶಕದ ಆರ್ಥಿಕ ಸಂಕಟದ ನಡುವೆ ನಾಯಿಕೆಮ್ಮಿನ ಲಸಿಕೆಯನ್ನು ಸಿದ್ಧಪಡಿಸಿದರು. ಪ್ರಯೋಗಶಾಲೆಯ ಕೆಲಸ ಮುಗಿದ ಮೇಲೆ ಸಂಜೆ ಬಡವರ ಮನೆಗಳಿಗೆ ಹೋಗಿ, ಕೆಮ್ಮುವ ಮಕ್ಕಳ ಬಾಯಿಯ ಮುಂದೆ ತಟ್ಟೆ ಹಿಡಿದು ಸೂಕ್ಷ್ಮಜೀವಿಗಳನ್ನು ಸಂಗ್ರಹಿಸಿದವರು ಅವರು. 1940ರ ದಶಕದಲ್ಲಿ ಕೆಂಡ್ರಿಕ್ ತಮ್ಮ ಲಸಿಕೆಯನ್ನು ಗಂಟಲಮಾರಿ ಹಾಗೂ ಧನುರ್ವಾಯುವಿನ ಟಾಕ್ಸಾಯ್ಡುಗಳೊಡನೆ ಕೂಡಿಸಿದರು. ಕೊಂದ ನಾಯಿಕೆಮ್ಮಿನ ಜೀವಾಣುಗಳು ಉಳಿದೆರಡರ ಪರಿಣಾಮವನ್ನು ಹೆಚ್ಚಿಸುತ್ತವೆಂಬುದು ತಿಳಿದುಬಂದಿತು. ಹೀಗೆ ಡಿಪಿಟಿ ಎಂಬ ‘ಮೂರರ ಚುಚ್ಚುಮದ್ದು’ ಹುಟ್ಟಿತು.

ಭಾರತದಲ್ಲಿ 1978ರಲ್ಲಿ ಆರಂಭವಾದ ವಿಸ್ತೃತ ಲಸಿಕಾ ಕಾರ್ಯಕ್ರಮದಲ್ಲಿ ಡಿಪಿಟಿಗೆ ಸ್ಥಾನ ದೊರೆಯಿತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 31 ಜಿಲ್ಲೆಗಳಲ್ಲಿ ಮೊದಲಾಗಿ, 1990ರ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿತು. ಮುಂದೆ ಹೆಪಟೈಟಿಸ್ ಬಿ ಲಸಿಕೆ ಸೇರಿದಾಗ ಮಗುವಿಗೆ ಪ್ರತಿ ಸಲವೂ ಎರಡೆರಡು ಚುಚ್ಚು. ಹಿಬ್ ಲಸಿಕೆಯನ್ನೂ ಬೇರೆಯಾಗಿ ಕೊಟ್ಟಿದ್ದರೆ ಮೂರು ಭೇಟಿಗಳಲ್ಲಿ ಒಂಬತ್ತು ಚುಚ್ಚುಗಳಾಗುತ್ತಿದ್ದವು. ಪೆಂಟಾವೇಲೆಂಟ್ ಅವನ್ನು ಮೂರಕ್ಕೆ ಇಳಿಸಿತು. 2011ರ ಡಿಸೆಂಬರಿನಲ್ಲಿ ಕೇರಳ ಮತ್ತು ತಮಿಳುನಾಡುಗಳಲ್ಲಿ ಇದು ಮೊದಲು ಬಳಕೆಗೆ ಬಂದಿತು; 2013ರ ವೇಳೆಗೆ ಕರ್ನಾಟಕವೂ ಆ ಸಾಲಿಗೆ ಸೇರಿತು.

ಹಿಬ್ ಲಸಿಕೆಯ ಒಳಗಿನ ಯುಕ್ತಿಯನ್ನು ಮಲೆನಾಡಿನವರಿಗೆ ತಿಳಿಸುವುದು ಸುಲಭ. ಈ ಜೀವಾಣುವಿನ ಹೊರಕವಚ ಸಕ್ಕರೆಯ ಜಾತಿಯದು. ಎಳೆಗೂಸಿನ ದೇಹ ಅದನ್ನು ಶತ್ರುವೆಂದು ಗುರುತಿಸಲಾರದು. ಆದ್ದರಿಂದ ಅದನ್ನು ಧನುರ್ವಾಯುವಿನ ಟಾಕ್ಸಾಯ್ಡಿನಂತಹ ಪ್ರೋಟೀನಿಗೆ ಬೆಸೆಯುತ್ತಾರೆ. ಕಾಫಿ ತೋಟದಲ್ಲಿ ಕಾಳುಮೆಣಸಿನ ಬಳ್ಳಿ ತಾನಾಗಿ ನಿಲ್ಲಲಾರದೆ ಹಾಲುವಾಣದ ಮರವನ್ನೋ ಸಿಲ್ವರ್ ಓಕನ್ನೋ ಅಪ್ಪಿ ಮೇಲೇರುವಂತೆ, ದುರ್ಬಲ ಗುರುತು ಬಲವಾದ ಗುರುತಿನ ಆಸರೆಯಲ್ಲಿ ದೇಹದ ನೆನಪಿಗೆ ಏರುತ್ತದೆ.

ಘಟ್ಟದ ಮೇಲಿನ ದಾರಿ

ಲಸಿಕೆಯು ಕಾರ್ಖಾನೆಯಲ್ಲಿ ಸಿದ್ಧವಾದ ಮಾತ್ರಕ್ಕೆ ಕಳಸದ ಮಗುವನ್ನು ಕಾಯಲಾರದು. ಇತ್ತೀಚಿನವರೆಗೆ ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಕಳಸದ ಸುತ್ತಣ ಊರುಗಳಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ, ಒಂದು ಹಳ್ಳ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯ ಹೊಡೆತಕ್ಕೆ ರಸ್ತೆ ಕುಸಿಯುತ್ತದೆ, ಮರ ಬಿದ್ದು ವಿದ್ಯುತ್ತು ದಿನಗಟ್ಟಲೆ ಹೋಗುತ್ತದೆ. ಲಸಿಕೆಯಾದರೋ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಶಾಖ ಅದನ್ನು ಕೆಡಿಸುತ್ತದೆಂದು ಎಲ್ಲರೂ ಬಲ್ಲರು. ಮಂಜುಗಡ್ಡೆಯೂ ಕೆಡಿಸುತ್ತದೆಂಬುದು ಬಹಳ ಜನಕ್ಕೆ ತಿಳಿಯದು. ಪೆಂಟಾವೇಲೆಂಟಿನಲ್ಲಿರುವ ಅಲ್ಯೂಮಿನಿಯಂ ಲವಣ ಹೆಪ್ಪುಗಟ್ಟಿದರೆ ಕಣಕಣವಾಗಿ ಒಡೆದು ತಳಕ್ಕೆ ಇಳಿಯುತ್ತದೆ. ಮತ್ತೆ ಕರಗಿದರೂ ಆ ಲಸಿಕೆ ನಿಷ್ಪ್ರಯೋಜಕ. ಆದ್ದರಿಂದ ಪೆಟ್ಟಿಗೆಯಲ್ಲಿಡುವ ಮಂಜಿನ ಪೊಟ್ಟಣಗಳನ್ನು ಸ್ವಲ್ಪ ಕರಗಿಸಿಯೇ ಇಡಬೇಕು. ಈ ಸೂಕ್ಷ್ಮವನ್ನು ಅರಿತು, ಹೆಗಲಿಗೆ ಪೆಟ್ಟಿಗೆ ತೂಗುಹಾಕಿಕೊಂಡು, ಗುರುವಾರಗಳಂದು ಅಂಗನವಾಡಿಗೆ ನಡೆದು ಬರುವ ಆರೋಗ್ಯ ಸಹಾಯಕಿಯರು ಮತ್ತು ಮನೆಮನೆಗೆ ಹೋಗಿ ತಾಯಂದಿರನ್ನು ಕರೆತರುವ ಆಶಾ ಕಾರ್ಯಕರ್ತೆಯರು ಈ ಚರಿತ್ರೆಯ ನಿಜವಾದ ನಾಯಕಿಯರು.

ಆದರೆ ಎಲ್ಲಕ್ಕಿಂತ ಕಠಿಣವಾದ ಸಮಸ್ಯೆ ರಸ್ತೆಯದಲ್ಲ, ಕಾಲದ್ದು. ಪೆಂಟಾವೇಲೆಂಟಿನ ಮೂರು ಸುತ್ತುಗಳು ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಬರುತ್ತವೆ. ಒಂದೂವರೆ ವರ್ಷದ ಸುಮಾರಿಗೆ ಡಿಪಿಟಿಯ ಬಲವರ್ಧಕ, ಐದು ತುಂಬಿದ ಮೇಲೆ ಇನ್ನೊಂದು. ಕಾಫಿ ಹಣ್ಣಿನ ಕುಯ್ಲಾದರೋ ಅರೇಬಿಕಾಕ್ಕೆ ನವೆಂಬರಿನಲ್ಲಿ ಮೊದಲಾಗಿ ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಆಗುತ್ತದೆ. ಮೇಸ್ತ್ರಿಯ ಜೊತೆ ಬಯಲುಸೀಮೆಯಿಂದ, ತಮಿಳುನಾಡಿನಿಂದ, ಈಚೆಗೆ ಅಸ್ಸಾಂ ಮತ್ತು ಬಂಗಾಳದಿಂದಲೂ ಬರುವ ಕುಟುಂಬಗಳು ಲೈನ್ ಮನೆಗಳಲ್ಲಿ ನಾಲ್ಕು ತಿಂಗಳಿದ್ದು ಮುಂದಿನ ಕೆಲಸ ಹುಡುಕಿ ಹೊರಟುಬಿಡುತ್ತವೆ. ಮೊದಲ ಸುತ್ತು ಊರಿನಲ್ಲಿ, ಎರಡನೆಯದು ತೋಟದಲ್ಲಿ, ಮೂರನೆಯದು ಎಲ್ಲಿಯೂ ಇಲ್ಲ ಎಂಬಂತಾಗುವುದು ಹೀಗೆ. ತಾಯಿ ಕಾರ್ಡು ಊರಿನ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಲೆಕ್ಕವೂ ತಪ್ಪಿತು.

ಇಲ್ಲಿ ಸಂಯುಕ್ತ ಲಸಿಕೆಯ ಗುಣದೊಡನೆ ಅದರ ಮಿತಿಯನ್ನೂ ಅರಿಯಬೇಕು. ಅದು ಚುಚ್ಚುಗಳನ್ನು ಕಡಿಮೆ ಮಾಡಿತೇ ಹೊರತು ಭೇಟಿಗಳನ್ನಲ್ಲ. ಹಿಂದೆ ಒಂದು ಭೇಟಿ ತಪ್ಪಿದರೆ ಮಗು ಮೂರು ರೋಗಗಳ ರಕ್ಷೆಯಲ್ಲಿ ಹಿಂದುಳಿಯುತ್ತಿತ್ತು. ಈಗ ಒಂದೇ ಭೇಟಿ ತಪ್ಪಿದರೆ ಐದು ರಕ್ಷೆಗಳೂ ಒಟ್ಟಿಗೆ ಅಪೂರ್ಣವಾಗುತ್ತವೆ. ಐದನ್ನೂ ಒಂದೇ ಬುಟ್ಟಿಯಲ್ಲಿಟ್ಟ ಮೇಲೆ ಬುಟ್ಟಿಯನ್ನು ಹೆಚ್ಚು ಜೋಪಾನವಾಗಿ ಹೊರಬೇಕು. ಮರಳಿ ಬರುವುದು ಎಷ್ಟು ಮುಖ್ಯವೆಂಬುದಕ್ಕೆ ಮಲೆನಾಡಿನದೇ ಒಂದು ಪಾಠವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಮುಂದೆ ನಮ್ಮ ಜಿಲ್ಲೆಗೂ ಹಬ್ಬಿದ ಮಂಗನ ಕಾಯಿಲೆಗೆ ಕೊಡುತ್ತಿದ್ದ ಲಸಿಕೆಯಲ್ಲಿ ಎರಡು ಸುತ್ತು, ಬಳಿಕ ಮತ್ತೆ ಮತ್ತೆ ಬಲವರ್ಧಕಗಳು ಬೇಕಾಗುತ್ತಿದ್ದವು. ಜನ ಎರಡನೆಯ ಸಲ ಬರುವುದು ಕಡಿಮೆ. ಲಸಿಕೆಯ ಪರಿಣಾಮವೂ ಸಾಲದೆಂದು ಕಂಡು ಈಚಿನ ವರ್ಷಗಳಲ್ಲಿ ಅದರ ಬಳಕೆಯೇ ನಿಂತಿತು.

ಶಂಕೆಗಳನ್ನು ಕೇಳಿಸಿಕೊಳ್ಳುವುದು

ಪೆಂಟಾವೇಲೆಂಟಿನ ಬಗ್ಗೆ ಎದ್ದ ಶಂಕೆಗಳನ್ನು ಮುಚ್ಚಿಡುವುದು ಅನೇಕಾಂತವನ್ನು ನಂಬಿದವರಿಗೆ ಸಲ್ಲದು. ಶ್ರೀಲಂಕಾದಲ್ಲಿ 2008ರಲ್ಲಿ ಲಸಿಕೆ ಪಡೆದ ಕೆಲವು ಶಿಶುಗಳು ಮರಣ ಹೊಂದಿದಾಗ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ತನಿಖೆಯ ನಂತರ 2010ರಲ್ಲಿ ಮತ್ತೆ ಆರಂಭಿಸಿತು. ವಿಯೆಟ್ನಾಂ 2013ರಲ್ಲಿ ಹಾಗೆಯೇ ನಿಲ್ಲಿಸಿ ಮತ್ತೆ ಮುಂದುವರಿಸಿತು. ನಮ್ಮ ದೇಶದಲ್ಲಿಯೂ ಕೆಲವು ವೈದ್ಯರು ನ್ಯಾಯಾಲಯದ ಮೊರೆ ಹೋದರು. ನಿಲ್ಲಿಸಿ, ಪರೀಕ್ಷಿಸಿ, ಮುಂದುವರಿಯುವ ಈ ಕ್ರಮವೇ ವಿವೇಕದ ಲಕ್ಷಣ. ಪರೀಕ್ಷಿಸದೆ ಕೈಬಿಟ್ಟರೆ ಏನಾಗುವುದೆಂಬುದನ್ನು ಜಪಾನಿನ ಅನುಭವ ಹೇಳುತ್ತದೆ. ಇಬ್ಬರು ಶಿಶುಗಳ ಮರಣದ ನಂತರ ಅಲ್ಲಿ 1975ರಲ್ಲಿ ನಾಯಿಕೆಮ್ಮಿನ ಲಸಿಕೆಗೆ ತಡೆ ಬಿತ್ತು. 1979ರ ಒಂದೇ ವರ್ಷದಲ್ಲಿ ಸುಮಾರು 13,000 ಮಂದಿಗೆ ನಾಯಿಕೆಮ್ಮು ತಗುಲಿ 41 ಮಂದಿ ಸತ್ತರು.

2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾಗಳ ಸಂಯುಕ್ತ ಲಸಿಕೆಯ ಅಭಿಯಾನವು ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಾಗ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲಿಯೇ ಅದನ್ನು ಹಾಕಲಾಯಿತು. ಆಗ ಮೊಬೈಲಿನಿಂದ ಮೊಬೈಲಿಗೆ ಹರಿದ ವದಂತಿಗಳು ವಿದ್ಯಾವಂತ ಮನೆಗಳನ್ನೂ ಬಿಡಲಿಲ್ಲ. ಅನೇಕಾಂತವೆಂದರೆ ಎಲ್ಲ ಮಾತೂ ಸಮಾನ ಸತ್ಯವೆಂದಲ್ಲ; ಎಲ್ಲ ಕಡೆಯ ಸಾಕ್ಷ್ಯವನ್ನು ತೂಗಿದ ಮೇಲೆ ನಿರ್ಣಯಿಸಬೇಕೆಂದು ಅದರ ಅರ್ಥ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕುಟುಂಬಗಳಲ್ಲಿಯೇ ಬೇರೂರಿದೆ. ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹಾಕಿಸುವ, ಜ್ವರ ಬಾರದ ‘ನೋವಿಲ್ಲದ’ ಲಸಿಕೆ ಶ್ರೇಷ್ಠ. ಅಂಗನವಾಡಿಯಲ್ಲಿ ಧರ್ಮಕ್ಕೆ ಹಾಕುವುದು ಕನಿಷ್ಠ ಎಂಬುದು ಅದು. ನೋವಿಲ್ಲದ ಲಸಿಕೆಯಲ್ಲಿ ನಾಯಿಕೆಮ್ಮಿನ ಜೀವಾಣುವಿನ ಕೆಲವು ಅಂಶಗಳು ಮಾತ್ರ ಇರುವುದರಿಂದ ಜ್ವರ, ಬಾವು ಕಡಿಮೆ. ಆದರೆ ಅದರ ರಕ್ಷೆ ಇಡೀ ಜೀವಾಣುವಿನ ಲಸಿಕೆಗಿಂತ ಬೇಗ ಕುಂದುತ್ತದೆಂದು ವಿಜ್ಞಾನಿಗಳು ಕಂಡಿದ್ದಾರೆ. ಎರಡು ದಿನ ಬರುವ ಜ್ವರಕ್ಕೆ ಹೆದರಿ ಬಡವರ ಲಸಿಕೆಯನ್ನು ಹಳಿಯುವುದು ಉಚಿತವಲ್ಲ.

ಅಹಿಂಸೆಯ ಲೆಕ್ಕ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಮಾಂಸವು ಔಷಧವಾಗಲಾರದೆಂದು ರಾಜಸಭೆಯಲ್ಲಿ ವಾದಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಕ್ಕೆ ತಂದು ಮದ್ಯ, ಮಾಂಸ, ಮಧುಗಳಿಲ್ಲದ ವೈದ್ಯವನ್ನು ಕನ್ನಡಿಗರಿಗೆ ಕೊಟ್ಟನು. ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದು ಪಶುಗಳ ನೋವಿಗೂ ಮದ್ದುಂಟೆಂದು ಸಾರಿದನು. ಇಂತಹ ಪರಂಪರೆಯವರು ಲಸಿಕೆಯಲ್ಲಿ ಏನಿದೆಯೆಂದು ಕೇಳುವುದು ಸಹಜ, ಕೇಳಲೂಬೇಕು.

ಸತ್ಯವನ್ನೇ ಹೇಳುವುದಾದರೆ ಪೆಂಟಾವೇಲೆಂಟ್ ಸಂಪೂರ್ಣ ನಿರ್ದೋಷಿಯಲ್ಲ. ಅದರಲ್ಲಿನ ಹೆಪಟೈಟಿಸ್ ಅಂಶ ಯೀಸ್ಟಿನಲ್ಲಿ ಬೆಳೆದದ್ದು. ಉಳಿದವು ಬೆಳೆಯುವ ಪೋಷಕ ದ್ರವಗಳಲ್ಲಿ ಹಾಲಿನ ಪ್ರೋಟೀನು ಬಳಕೆಯಾಗುವುದುಂಟು, ಮಾಂಸದ ಸಾರ ಬಳಕೆಯಾದದ್ದೂ ಉಂಟು. ಪ್ರತಿ ತಂಡದ ಲಸಿಕೆಯ ಶಕ್ತಿಯನ್ನು ಅಳೆಯಲು ಇಲಿ ಹಾಗೂ ಗಿನಿಹಂದಿಗಳ ಮೇಲೆ ಪರೀಕ್ಷೆ ನಡೆಯುತ್ತ ಬಂದಿದೆ. ನಾಯಿಕೆಮ್ಮಿನ ಇಲಿ ಪರೀಕ್ಷೆಯನ್ನು ರೂಪಿಸಿದವರು ಅದೇ ಕೆಂಡ್ರಿಕ್ ಅವರು. ಪ್ರಾಣಿಗಳಿಲ್ಲದ ಪರೀಕ್ಷಾಕ್ರಮಗಳಿಗಾಗಿ ಹಲವು ದೇಶಗಳಲ್ಲಿ ಪ್ರಯತ್ನ ನಡೆದಿದೆ. ಅದನ್ನು ಒತ್ತಾಯಿಸುವ ಹಕ್ಕೂ ಹೊಣೆಯೂ ನಮಗಿವೆ.

ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯಿದೆ. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು, ಉಳಿದವನ್ನು ಕುಗ್ಗಿಸುತ್ತ ಬರಬೇಕು ಎಂದರು. ಮಗುವಿನ ರಕ್ಷಣೆಗಾಗಿ ಲಸಿಕೆ ಹಾಕಿಸುವ ತಾಯಿಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಲಸಿಕೆ ಹಾಕಿಸದೆ ಬಿಟ್ಟರೆ ಹಿಂಸೆ ಇಲ್ಲವಾಗುವುದೂ ಇಲ್ಲ, ಅದು ಸ್ಥಳ ಬದಲಾಯಿಸುತ್ತದೆ ಅಷ್ಟೆ. ಗಂಟಲಮಾರಿ ಬಂದ ಮಗುವಿಗೆ ಕುದುರೆಯ ರಕ್ತದ ಸೀರಂ ಬೇಕು, ನ್ಯುಮೋನಿಯಾ ಬಂದ ಮಗುವಿಗೆ ಅಸಂಖ್ಯ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧ ಬೇಕು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಮೂಲವೇ ಇದಕ್ಕೆ ನಿದರ್ಶನ. ಪೂನಾವಾಲಾ ಕುಟುಂಬದ ಕುದುರೆ ಫಾರಂನಿಂದ ವಯಸ್ಸಾದ ಕುದುರೆಗಳು ಸೀರಂ ತಯಾರಿಕೆಗಾಗಿ ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಹೋಗುತ್ತಿದ್ದವು. ಆ ನಂಟಿನಿಂದಲೇ 1966ರಲ್ಲಿ ಈ ಸಂಸ್ಥೆ ಹುಟ್ಟಿತು. ಇಂದು ಅದು ಪೆಂಟಾವೇಲೆಂಟ್ ತಯಾರಿಸುವ ಸಂಸ್ಥೆಗಳಲ್ಲಿ ಒಂದು. ಗಂಟಲಮಾರಿಯಿನ್ನೂ ಅಳಿದಿಲ್ಲವೆಂಬುದನ್ನೂ ಮರೆಯಬಾರದು. 2016ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅದು ಮರುಕಳಿಸಿತು. 2018ರಲ್ಲಿ ದೇಶದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿದ ಪ್ರಕರಣಗಳು ವರದಿಯಾದವು.

ಬಸದಿಗಳೂ ತೋಟದ ಮನೆಗಳೂ ಮಾಡಬಹುದಾದದ್ದು

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ಕಾರ್ಮಿಕರ ವೈದ್ಯಕೀಯ ಸೌಕರ್ಯವನ್ನೂ, ಐವತ್ತು ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಶಿಶುಪಾಲನಾ ಗೃಹವನ್ನೂ ಮಾಲೀಕನ ಹೊಣೆಯಾಗಿಸಿತು. ಸಣ್ಣ ತೋಟಗಳೇ ಹೆಚ್ಚಾಗಿರುವ ನಮ್ಮ ಸೀಮೆಯಲ್ಲಿ ಕಾಯಿದೆಯ ಕೈ ಮುಟ್ಟದ ಲೈನ್ ಮನೆಗಳು ಬಹಳ. ಕಾಯಿದೆ ಮುಟ್ಟದ ಕಡೆ ಧರ್ಮ ಮುಟ್ಟಬೇಕು.

ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ತೋಟದ ರೈಟರು ಚೆಕ್‌ರೋಲಿನಲ್ಲಿ ಆಳಿನ ಹೆಸರು ಬರೆಯುವಾಗ ಜೊತೆಗಿರುವ ಎರಡು ವರ್ಷದೊಳಗಿನ ಮಗುವಿನ ಹೆಸರನ್ನೂ, ತಾಯಿ ಕಾರ್ಡಿನಲ್ಲಿ ಮುಂದಿನ ಸುತ್ತಿನ ದಿನವನ್ನೂ ಬರೆದಿಟ್ಟುಕೊಳ್ಳಬಹುದು. ಲಸಿಕೆಯ ದಿನ ತಾಯಿಗೆ ಅರ್ಧ ದಿನದ ಸಂಬಳ ಕಡಿಯದೆ ಬಿಡುವು ಕೊಡಬಹುದು. ಕುಯ್ಲಿನ ಭರಾಟೆಯಲ್ಲಿ ಆ ಅರ್ಧ ದಿನದ ಕೂಲಿಯೇ ಮಗುವಿಗೂ ಲಸಿಕೆಗೂ ನಡುವೆ ನಿಲ್ಲುವ ಗೋಡೆ. ಮಳೆಗಾಲದಲ್ಲಿ ತೋಟದ ಜೀಪು ಆರೋಗ್ಯ ಸಹಾಯಕಿಯನ್ನು ಕರೆತರಬಹುದು. ಬಸದಿಯ ಟ್ರಸ್ಟುಗಳು ತಮ್ಮ ಸಭಾಮಂದಿರದ ಒಂದು ಕೋಣೆಯನ್ನು ಲಸಿಕೆಯ ದಿನಕ್ಕೆ ಬಿಟ್ಟುಕೊಡಬಹುದು. ಕಾರ್ಡು ಕಳೆದುಕೊಂಡವರಿಗೆ ಹೊಸ ಕಾರ್ಡು ಮಾಡಿಸಲು ನೆರವಾಗಬಹುದು.

ಆ ಮಕ್ಕಳು ನಮ್ಮ ಸಮಾಜದವರಲ್ಲ ಎಂಬ ಮಾತು ಈ ನೆಲದ ಚರಿತ್ರೆಗೆ ಒಪ್ಪುವುದಿಲ್ಲ. ಘಟ್ಟದ ಮೇಲಣ ಕಳಸದಿಂದ ಕೆಳಗಿನ ಕಾರ್ಕಳದವರೆಗೆ ಆಳಿದ ಭೈರರಸರು ಜಿನಭಕ್ತರು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನು ಆ ಮನೆತನದವನು. ಅವರ ಆಳ್ವಿಕೆಯಲ್ಲಿ ಕಳಸದ ಶಿವಾಲಯಕ್ಕೂ ದತ್ತಿಗಳು ಸಂದವು. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದರೆ ಹಿಂದಿನ ಸೊಸೆವೂರಿನಲ್ಲಿ, ಇಂದಿಗೂ ನಿಂತಿರುವ ಬಸದಿಗಳ ನೆರಳಿನಲ್ಲಿ ಹೊಯ್ಸಳ ರಾಜ್ಯ ಮೊಳೆಯಿತು. ಹುಲಿ ಬಂದಾಗ ಸುದತ್ತ ಮುನಿಗಳು ಸಳನಿಗೆ ‘ಹೊಯ್ ಸಳ’ ಎಂದರೆಂಬ ಐತಿಹ್ಯವನ್ನು ನಾವೆಲ್ಲ ಬಲ್ಲೆವು. ಆಶ್ರಯಕ್ಕೆ ಬಂದವನನ್ನು ಕಾಯುವುದು ಈ ಬೆಟ್ಟಗಳ ಹಳೆಯ ಧರ್ಮ. ರೋಗವೂ ಜಾತಿಮತ ನೋಡಿ ಬರುವುದಿಲ್ಲ. ಲೈನ್ ಮನೆಯ ಮಗುವಿನ ಗಂಟಲಿನಲ್ಲಿ ಹುಟ್ಟಿದ ಪೊರೆ ಬಂಗಲೆಯ ಮಗುವಿನ ಗಂಟಲನ್ನು ಮುಟ್ಟಲು ಒಂದು ಕೆಮ್ಮು ಸಾಕು.

ಕರುವಿನ ಹೊಟ್ಟೆಯ ಗೀರಿನಿಂದ, ಕುದುರೆಯ ರಕ್ತದಿಂದ, ಇಲಿಗಳ ಪ್ರಾಣದಿಂದ ಈ ಅರ್ಧ ಮಿಲಿಲೀಟರ್ ದ್ರವ ನಮ್ಮವರೆಗೆ ಬಂದಿದೆ. ಅಷ್ಟು ಜೀವಿಗಳು ತೆತ್ತ ಬೆಲೆಗೆ ದೊರೆತ ರಕ್ಷೆಯನ್ನು ಒಂದು ಗುರುವಾರದ ಕೂಲಿಗಾಗಿ ವ್ಯರ್ಥವಾಗಲು ಬಿಟ್ಟರೆ ಆ ಹಿಂಸೆ ನಿಷ್ಫಲವಾಗುತ್ತದೆ, ಅದರ ದೋಷ ನಮ್ಮ ಪಾಲಿಗೆ ಉಳಿಯುತ್ತದೆ. ಮೂರನೆಯ ಸುತ್ತು ತಪ್ಪಿದ ಒಂದು ಮಗುವನ್ನು ಹುಡುಕಿ ಕರೆತರುವುದು ಸಣ್ಣ ಕೆಲಸವೆಂದು ಯಾರೂ ತಿಳಿಯಬಾರದು. ಭೈಷಜ್ಯ ಮತ್ತು ಅಭಯ ಎಂಬ ಎರಡು ದಾನಗಳು ಅಲ್ಲಿ ಒಂದಾಗುತ್ತವೆ.